ಸತ್ತ ಮೇಲೆ ಮೂರು ಸಲ ರಕ್ತ ಕೊಟ್ಟ ಅಮ್ಮ

ಬೆಳಗಿನ ಐದಕ್ಕೆ ಇನ್ನು ನಾಲ್ಕು ನಿಮಿಷ. ಆಫೀಸಿನ ಮೂರನೇ ಮಹಡಿಯಲ್ಲಿ ಅರವತ್ತು ಕುರ್ಚಿಗಳಿವೆ, ಒಂದರಲ್ಲಿ ಮಾತ್ರ ಮನುಷ್ಯರಿದ್ದಾರೆ. ಇಲ್ಲಿನ ದೀಪಗಳಿಗೆ ಸ್ವಿಚ್ಚಿಲ್ಲ. ಯಾರಾದರೂ ಅಲುಗಾಡಿದರೆ ಹತ್ತುತ್ತವೆ, ಹತ್ತು ನಿಮಿಷ ಅಲುಗಾಡದಿದ್ದರೆ ಆರುತ್ತವೆ. ಹಾಗಾಗಿ ಕೊಂಕಕ್ಕ ಪರದೆಯಿಂದ ಕಣ್ಣು ತೆಗೆಯದೆಯೇ ಆಗಾಗ ಎಡಗೈ ಎತ್ತಿ ಚಾವಣಿಗೆ ಟಾಟಾ ಮಾಡುತ್ತಾರೆ. ದೂರದಿಂದ ನೋಡಿದವರಿಗೆ ಅವರು ಯಾರನ್ನೋ ಬೀಳ್ಕೊಡುತ್ತಿದ್ದಾರೆ ಅನಿಸುತ್ತದೆ. ಯಾರನ್ನು ಎನ್ನುವುದು ಮಾತ್ರ ಕಾಣುವುದಿಲ್ಲ.

ಕೆಲವೊಮ್ಮೆ ಆ ತುದಿಯ ದೀಪ ತನ್ನ ಪಾಡಿಗೆ ತಾನು ಹತ್ತಿಕೊಳ್ಳುತ್ತದೆ. ಕೆಳಗೆ ಬಾಗಿಲು ಕಾಯುವ ಸೆಕ್ಯೂರಿಟಿಯವರು ಈ ಕಾರಣಕ್ಕೇ ಎರಡನೇ ಮಹಡಿ ದಾಟಿ ಮೇಲೆ ಬರುವುದಿಲ್ಲ, ಕ್ಯಾಮೆರಾದಲ್ಲಿ ನೋಡಿ ಫೋನಿನಲ್ಲೇ ಹೇಳುತ್ತಾರೆ.

“ಮೇಡಂ, ಅಲ್ಲಿ ಯಾರೋ ಇದಾರೆ. ಲೈಟು ತಾನಾಗೇ ಹತ್ತುತ್ತೆ.”

“ಆಮೇಲೆ ಆರುತ್ತಾ?”

“ಆರುತ್ತೆ.”

“ಆರಿದ್ರೆ ಸರಿ ಇದೆ ಬಿಡಿ. ಆರದೇ ಇದ್ರೆ ಹೇಳಿ, ಬರ್ಕೋತೀನಿ.”

ಐದಾಗುತ್ತದೆ. ಮೇಜಿನ ಕೆಳಗಿನ ಡ್ರಾಯರಿನೊಳಗೆ ಏನೋ ಒಂದು ಗುಂಯ್ ಎಂದು ನಡುಗಿ ಸುಮ್ಮನಾಗುತ್ತದೆ. ಕೊಂಕಕ್ಕ ತಲೆಯಾಡಿಸುತ್ತಾರೆ. ಆದರೆ ಕೆಲಸ ಶುರು ಮಾಡುವುದಿಲ್ಲ. ಕೈಚೀಲದಿಂದ ತಮ್ಮ ಫೋನು ತೆಗೆದು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕೂರುತ್ತಾರೆ. ಅದಿನ್ನೂ ಮಿಸುಕಿಲ್ಲ.

ಕೊಂಕಕ್ಕ ಎನ್ನುವುದು ಸಹೋದ್ಯೋಗಿಗಳು ಇಟ್ಟ ಹೆಸರು. ಕೊಂಕು ತೆಗೆಯುವುದೇ ಅವರ ಕಸುಬು. ಅದೇ ಕೆಲಸ ಮನೆಯಲ್ಲಿ ಮಾಡಿದರೆ ಜಗಳ, ಇಲ್ಲಿ ಮಾಡಿದರೆ ಸಂಬಳ. ವಯಸ್ಸು ನಲವತ್ತೇಳು. ಮೊದಲು ಆಸ್ಪತ್ರೆಯೊಂದರಲ್ಲಿ ಒಂಬತ್ತು ವರ್ಷ ಲ್ಯಾಬಿನ ವರದಿಗಳನ್ನು ಕೈಯಲ್ಲಿ ರಿಜಿಸ್ಟರಿಗೆ ಇಳಿಸುತ್ತಿದ್ದರು. ಕಂಪ್ಯೂಟರ್ ಬಂತು, ರಿಜಿಸ್ಟರ್ ಮುಚ್ಚಿತು. “ನನ್ ಕೆಲಸ ಕಿತ್ಕೊಂಡಿದ್ದು ಕಂಪ್ಯೂಟರು. ಈಗ ಅದರ ತಪ್ಪು ಹುಡುಕೋದೇ ನನ್ ಕೆಲಸ. ಸೇಡು ತೀರಿಸ್ಕೊಳ್ಳೋಕೆ ಬೋನಸ್ಸೂ ಕೊಡ್ತಾರೆ” ಎನ್ನುತ್ತಾರೆ.

ಅವರ ಕಂಪನಿ ಮಾಡುವುದು ಸೇತುವೆ. ಲ್ಯಾಬಿನ ಕಂಪ್ಯೂಟರಿಗೆ ಒಂದು ಭಾಷೆ, ಆಸ್ಪತ್ರೆಯದಕ್ಕೆ ಇನ್ನೊಂದು. ಮಾತುಬಿಟ್ಟ ಅತ್ತೆ ಸೊಸೆಯರ ನಡುವೆ ಓಡಾಡುವ ನಾದಿನಿಯಂತೆ ಈ ಸಾಫ್ಟ್‌ವೇರ್ ಒಂದರ ಮಾತನ್ನು ಇನ್ನೊಂದಕ್ಕೆ ಮುಟ್ಟಿಸುತ್ತದೆ. ನಾದಿನಿ ಸೇರಿಸಿ ಹೇಳಬಾರದು, ಬಿಟ್ಟು ಹೇಳಬಾರದು. ಮುಖ್ಯವಾಗಿ ಒಬ್ಬರದ್ದನ್ನು ಇನ್ನೊಬ್ಬರ ತಲೆಗೆ ಕಟ್ಟಬಾರದು.

ನಾದಿನಿಯನ್ನು ನಂಬುವವರುಂಟೆ? ಅದಕ್ಕೇ ಕೊಂಕಕ್ಕ ಬರೆದಿಟ್ಟ ಪುಟ್ಟ ಪರೀಕ್ಷೆಗಳು ದಿನವೂ ಬೆಳಗ್ಗೆ ಓಡುತ್ತವೆ. ಒಂದೊಂದು ಪರೀಕ್ಷೆ ಕೋಡಿನ ಒಂದೊಂದು ತುಂಡನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತದೆ. ಉತ್ತರ ಸರಿಯಿದ್ದರೆ ಹಸಿರು, ತಪ್ಪಿದರೆ ಕೆಂಪು. ಒಟ್ಟು ಸಾವಿರದ ನಾನೂರ ಹದಿಮೂರು, ಮುಗಿಯಲು ಮೂವತ್ತೊಂದು ನಿಮಿಷ. ಕೆಂಪು ಬಂದ ದಿನ ಸಾಲು ಸಾಲಾಗಿ ಓದುತ್ತ ಬಗ್ ಎಂಬ ತಪ್ಪನ್ನು ಹುಡುಕಬೇಕು. ಬಗ್ ಸಿಗಬೇಕಾದರೆ ಬಗ್ಗಲೇಬೇಕು. ಅವರ ಸೊಂಟನೋವೇ ಇದಕ್ಕೆ ಸಾಕ್ಷಿ. “ಅನ್ನ ಬೆಂದಿದೆಯಾ ಅಂತ ಎಲ್ರೂ ಒಂದಗುಳು ಹಿಸುಕಿ ನೋಡ್ತಾರೆ. ನಾನು ಒಂದೊಂದೇ ಅಗುಳು ಹಿಸುಕ್ತೀನಿ. ಅದಕ್ಕೇ ನನ್ ಜೊತೆ ಯಾರೂ ಊಟಕ್ಕೆ ಕೂರಲ್ಲ.”

ಕಾಫಿ ಯಂತ್ರದ ಮೇಲೆ ಮ್ಯಾನೇಜರ್ ಒಂದು ಚೀಟಿ ಅಂಟಿಸಿದ್ದಾರೆ: ಓಡುತ್ತಿರುವುದನ್ನು ಮುಟ್ಟಬೇಡಿ. ಕೋಡು ಬರೆಯುವವರ ಪಾಲಿಗೆ ಅದು ವೇದವಾಕ್ಯ. ಕೊಂಕಕ್ಕನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. “ಓಡ್ತಾ ಇದೆ ಸರಿ, ಎಲ್ಲಿಗೆ ಓಡ್ತಾ ಇದೆ ಅಂತ ನೋಡೋದು ಬೇಡ್ವಾ?”

ನೋಡಲೆಂದೇ ಅವರು ಒಬ್ಬ ಸುಳ್ಳು ರೋಗಿಯನ್ನು ಸೃಷ್ಟಿಸಿದ್ದರು. ದಿನವೂ ಐದಕ್ಕೆ ಆ ರೋಗಿಯ ಹೆಸರಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂಬ ಒಂದು ಸುಳ್ಳು ರಕ್ತದ ವರದಿ ಲ್ಯಾಬಿನ ಕಡೆಯಿಂದ ಹೊರಟು, ಸೇತುವೆ ದಾಟಿ, ಆಸ್ಪತ್ರೆಯ ದಾಖಲೆಗೆ ಸೇರಬೇಕು. ರೋಗಿಯ ಫೋನಿಗೆ ‘ನಿಮ್ಮ ರಕ್ತ ಹನ್ನೆರಡೂವರೆ, ಸರಿಯಾಗಿದೆ’ ಎಂದು ಸಂದೇಶ ಹೋಗಬೇಕು. ಅಂಕಿ ಸರಿಯಿದ್ದರಷ್ಟೇ ಸಂದೇಶ, ಕಡಿಮೆಯಿದ್ದರೆ ರೋಗಿಗೆ ಹೇಳುವುದು ಡಾಕ್ಟರ ಕೆಲಸ. ಆಮೇಲೆ ಪರೀಕ್ಷೆ ಆ ಸುಳ್ಳು ವರದಿಯನ್ನು ತಾನೇ ಅಳಿಸಿಹಾಕುತ್ತದೆ. ಈ ರೋಗಿ ಸುಳ್ಳು ಎಂದು ಗುರುತು ಹಾಕಿರುವುದರಿಂದ ಯಾವ ಡಾಕ್ಟರೂ ಆ ದಾಖಲೆಯನ್ನು ತೆರೆಯುವುದಿಲ್ಲ.

ಸುಳ್ಳು ರೋಗಿಗೂ ಒಂದು ಫೋನ್ ನಂಬರ್ ಬೇಕಲ್ಲ. ಮನಸ್ಸಿಗೆ ಬಂದ ಹತ್ತು ಅಂಕಿ ಒತ್ತಿದರೆ ಅದು ಯಾರದಾದರೂ ಆಗಿಬಿಡಬಹುದು. ಕೊಂಕಕ್ಕನಿಗೆ ಒಂದೇ ಒಂದು ನಂಬರ್ ಯಾರದೂ ಅಲ್ಲ ಎಂದು ಖಚಿತವಾಗಿ ಗೊತ್ತಿತ್ತು. ಅವರ ಅಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು.

ಅಮ್ಮನ ಫೋನು ಆಫೀಸಿನ ಡ್ರಾಯರಿಗೆ ಬಂತು. ದಿನವೂ ಐದಕ್ಕೆ ಗುಂಯ್ ಎನ್ನುತ್ತಿತ್ತು. ಸತ್ತ ಅಮ್ಮ ದಿನವೂ ಬೆಳಗ್ಗೆ ಆರೋಗ್ಯವಾಗಿರುತ್ತಿದ್ದಳು. ಒಂದೂವರೆ ವರ್ಷ ಹೀಗೇ ನಡೆಯಿತು. ಒಂದು ದಿನ ಡ್ರಾಯರು ಸುಮ್ಮನಾಯಿತು. ಪರೀಕ್ಷೆ ಮಾತ್ರ ಹಸಿರಾಗಿಯೇ ಇತ್ತು. ಅದು ನೋಡುತ್ತಿದ್ದುದು ಸಂದೇಶ ಹೊರಟಿತೇ ಎಂದು, ಎಲ್ಲಿ ಮುಟ್ಟಿತು ಎಂದಲ್ಲ. “ಫೋನಿಗೂ ವಯಸ್ಸಾಯ್ತು ಅನ್ಕೊಂಡೆ” ಎನ್ನುತ್ತಾರೆ ಕೊಂಕಕ್ಕ. “ಊರೋರೆಲ್ಲರ ಮೇಲೆ ಅನುಮಾನ ಪಡೋಳು, ಅವತ್ತು ಅನುಮಾನ ಪಡಲಿಲ್ಲ.”

ನಾಲ್ಕು ತಿಂಗಳು ಕಳೆಯಿತು. ಹಳೆಯ ಪರೀಕ್ಷೆಗಳನ್ನು ತಾವೇ ಕೆದಕಿ ನೋಡುವ ಚಾಳಿ ಅವರಿಗುಂಟು. ಹಾಗೆ ಕೆದಕುವಾಗ ತಾವೇ ಬರೆದ ಒಂದು ಸಾಲು ಕಣ್ಣಿಗೆ ಬಿತ್ತು: ರೋಗಿಯ ದಾಖಲೆಯಲ್ಲಿ ‘ಕನಿಷ್ಠ ಒಂದು’ ವರದಿ ಇರಬೇಕು. ಸೋಮಾರಿತನದ ಸಾಲು. ಅದನ್ನು ‘ಒಂದೇ ಒಂದು’ ಎಂದು ತಿದ್ದಿ ಮನೆಗೆ ಹೋದರು.

ಮರುದಿನ ಬೆಳಗ್ಗೆ ಪರದೆ ಕೆಂಪಾಗಿತ್ತು. ಇರಬೇಕಾದದ್ದು ಒಂದು, ಇರುವುದು ನಾಲ್ಕು.

“ಒಂದು ನಾನು ಕಳಿಸಿದ್ದು. ಇನ್ನು ಮೂರು ಯಾರು ಕಳಿಸಿದ್ದು?” ವಾರಕ್ಕೊಂದರಂತೆ ಮೂರು ವರದಿಗಳು. ಎಂಟು. ಏಳು. ಐದೂ ಮುಕ್ಕಾಲು. ಇಲ್ಲದ ಅಮ್ಮನ ರಕ್ತ ವಾರವಾರವೂ ಇಳಿಯುತ್ತಿತ್ತು. “ಬದುಕಿದ್ದಾಗ ರಕ್ತ ಪರೀಕ್ಷೆ ಮಾಡಿಸ್ಕೊಳ್ಳೇ ಅಂದ್ರೆ ಸೂಜಿ ನೋಡಿ ಎದ್ದು ಓಡೋಳು. ಸತ್ತ ಮೇಲೆ ಮೂರು ಸಲ ಕೊಟ್ಟಿದಾಳೆ.” ಇದನ್ನು ಹೇಳುವಾಗ ಅವರು ನಗುತ್ತಾರೆ. ಅವತ್ತು ಮಾತ್ರ ಹತ್ತು ನಿಮಿಷ ಅಲುಗಾಡದೆ ಕೂತಿದ್ದರಂತೆ. ದೀಪ ಆರಿತು. ಕತ್ತಲಲ್ಲಿ ಆ ಕೆಂಪು ಸಾಲು ಮಾತ್ರ ಉಳಿಯಿತು.

ದೆವ್ವವನ್ನು ನಂಬುವವರಾಗಿದ್ದರೆ ಎದ್ದು ಓಡುತ್ತಿದ್ದರು. ಕೊಂಕಕ್ಕ ನಂಬುವುದು ದಾಖಲೆಯನ್ನು. ರಕ್ತವಿದೆ ಎಂದರೆ ಯಾರೋ ಇದ್ದಾರೆ. ಐದೂ ಮುಕ್ಕಾಲು ಎಂದರೆ ಅವರು ಹೆಚ್ಚು ದಿನ ಇರುವುದಿಲ್ಲ. ರೋಗಿಗಳಿಗೆ ನೇರವಾಗಿ ಫೋನ್ ಮಾಡುವಂತಿಲ್ಲ ಎಂಬುದು ಕಂಪನಿಯ ನಿಯಮ. ದೂರು ಬರೆದು, ಆಸ್ಪತ್ರೆಯ ಕಚೇರಿ ತೆರೆಯುವ ಒಂಬತ್ತು ಗಂಟೆಗೆ ಕಾಯಬೇಕು. ಆಗ ಐದೂ ನಲವತ್ತು. ದಾಖಲೆಯಲ್ಲಿದ್ದುದು ಒಂದೇ ನಂಬರು. ತಮ್ಮ ಫೋನಿನಲ್ಲಿ ಎರಡು ವರ್ಷದಿಂದ ಮುಟ್ಟದ ‘ಅಮ್ಮ’ ಎಂಬ ಹೆಸರನ್ನು ಒತ್ತಿದರು.

ಮೂರನೇ ರಿಂಗಿಗೆ ಎತ್ತಿದರು.

“ಹಲೋ, ಯಾರು?” ಹೆಂಗಸಿನ ದನಿ. ಉಸಿರು ಸಾಲದ ದನಿ.

“ಅಮ್ಮಾ, ನಾನು ಲ್ಯಾಬಿನ ಕಂಪ್ಯೂಟರ್ ಕಡೆಯವಳು. ನೀವು ರಕ್ತ ಏನಾದ್ರೂ ಕೊಟ್ಟಿದ್ರಾ?”

“ಮೂರು ವಾರದಿಂದ ಕೊಡ್ತಾನೇ ಇದೀನಿ. ಡಾಕ್ಟರು ವರದಿ ಬಂದಿಲ್ಲ ಅಂದ್ರು. ನನಗೆ ಬಂದಿದೆಯಲ್ಲ ಅಂತ ಫೋನ್ ತೋರಿಸ್ದೆ. ದಿನಾ ಐದು ಗಂಟೆಗೆ ಸರಿಯಾಗಿ ಬರುತ್ತಲ್ಲ, ಹನ್ನೆರಡೂವರೆ, ಸರಿ ಇದೆ ಅಂತ. ಅದನ್ನ ನೋಡೇ ನಾನು ಏಳೋದು.”

“ಮೆಟ್ಟಿಲು ಹತ್ತೋಕಾಗುತ್ತಾ ನಿಮಗೆ?”

“ಮೆಟ್ಟಿಲು ಬಿಡು. ಹೊಲಿಗೆ ಕೆಲಸ ನಂದು, ಸೂಜಿಗೆ ದಾರ ಪೋಣಿಸೋಕಾಗ್ತಿಲ್ಲ, ಕಣ್ಣು ಕತ್ತಲೆ ಬರುತ್ತೆ. ವಯಸ್ಸಾಯ್ತು ಅನ್ಕೊಂಡೆ. ಮೆಸೇಜು ಸರಿ ಇದೆ ಅನ್ನುತ್ತಲ್ಲ.”

“ಆ ಮೆಸೇಜು ಸುಳ್ಳಮ್ಮ. ಅದನ್ನ ಬರೆದೋಳು ನಾನೇ. ಮನೇಲಿ ಯಾರನ್ನಾದ್ರೂ ಎಬ್ಬಿಸಿ, ಈಗಲೇ ಆಸ್ಪತ್ರೆಗೆ ಹೊರಡಿ.”

“ಇಷ್ಟೊತ್ತಲ್ಲಿ ಯಾರೋ ಫೋನ್ ಮಾಡಿ ಹೊರಡು ಅಂದ್ರೆ ಹೊರಟುಬಿಡ್ಲಾ? ನೀನು ಯಾರು ಹೇಳೋಕೆ?”

ಕೊಂಕಕ್ಕ ಇದ್ದದ್ದನ್ನೇ ಹೇಳಿದರು. “ನಿಮ್ಮ ಈ ನಂಬರು ಮುಂಚೆ ನಮ್ಮಮ್ಮಂದು.”

“ಅದಕ್ಕೇ ಒಂದೊಂದು ಸಲ ಯಾರೋ ಫೋನ್ ಮಾಡಿ ಅತ್ತೆ ಇದಾರಾ ಅಂತಾರೆ… ಇರು, ಸೊಸೇನ ಎಬ್ಬಿಸ್ತೀನಿ.”

ಸೊಸೆ ಎದ್ದಳು. ಆಸ್ಪತ್ರೆಯಲ್ಲಿ ಮೊದಲು ರಕ್ತ ಏರಿಸಿದರು, ಬೈಗುಳ ಆಮೇಲೆ. ಹೊಲಿಗೆಯಮ್ಮ ಬದುಕಿದರು.

ನಡೆದದ್ದು ಇಷ್ಟೇ. ರೀಚಾರ್ಜ್ ನಿಂತ ನಂಬರನ್ನು ಫೋನ್ ಕಂಪನಿ ಹೊಸಬರಿಗೆ ಕೊಟ್ಟಿತ್ತು. ಲ್ಯಾಬಿನ ಕೌಂಟರಿನಲ್ಲಿ ಗಡಿಬಿಡಿಗೆ ಹೊಲಿಗೆಯಮ್ಮನ ಹುಟ್ಟಿದ ದಿನಾಂಕ ಬರೆದುಕೊಂಡಿರಲಿಲ್ಲ. ದಿನಾಂಕ ಖಾಲಿಯಿದ್ದರೆ ಫೋನ್ ನಂಬರೊಂದನ್ನೇ ನೋಡಿ ದಾಖಲೆಗೆ ಸೇರಿಸು ಎಂದು ಯಾರೋ ಅನುಕೂಲಕ್ಕೆ ಕೋಡು ಬರೆದಿದ್ದರು. ನಾದಿನಿ ಬದುಕಿದ್ದವರ ಮಾತನ್ನು ಸತ್ತವರ ಕಿವಿಗೆ ಹೇಳುತ್ತಿದ್ದಳು.

“ಕೋಡಿನ ತಪ್ಪು ಅಂತ ಬರೀರಿ ಸಾಕು, ನಿಮ್ಮ ಅಮ್ಮನ ವಿಷಯ ಬೇಡ” ಎಂದರು ಮ್ಯಾನೇಜರ್. ಕೊಂಕಕ್ಕ ಎರಡನ್ನೂ ಬರೆದರು: ನಂಬರ್ ಕೊಟ್ಟವಳು ನಾನು, ಸೋಮಾರಿ ಸಾಲು ನನ್ನದು, ಡ್ರಾಯರು ಸುಮ್ಮನಾದಾಗ ಸುಮ್ಮನಿದ್ದವಳೂ ನಾನೇ. ನಿಯಮ ಮೀರಿದ್ದಕ್ಕೆ ಒಂದು ಎಚ್ಚರಿಕೆ ಪತ್ರ ಬಂತು. ಆ ಕೋಡು ತೆಗೆದ ತಂಡಕ್ಕೆ ಕೇಕು ಬಂತು. ಕೊಂಕಕ್ಕ ಸಾವಿರದ ನಾನೂರ ಹದಿಮೂರನೇ ಪರೀಕ್ಷೆ ಬರೆದರು. ಅದರ ಹೆಸರು: ಇಲ್ಲದವರ ದಾಖಲೆಗೆ ಇರುವವರ ವರದಿ ಸೇರಬಾರದು. ಈಗ ಡ್ರಾಯರಿನಲ್ಲಿರುವ ಫೋನು ಅಮ್ಮನದೇ, ನಂಬರು ಕಂಪನಿಯದು. ಅದು ಗುಂಯ್ ಎಂದರೆ ಮಾತ್ರ ಹಸಿರು.

ಮೇಜಿನ ಮೇಲಿನ ಇನ್ನೊಂದು ಫೋನು ಇನ್ನೂ ಮಿಸುಕಿಲ್ಲ. ಐದು ಗಂಟೆ ಹನ್ನೊಂದು ನಿಮಿಷ. ಕೊಂಕಕ್ಕ ಕೈ ಎತ್ತುವುದನ್ನೇ ಮರೆತಿದ್ದಾರೆ. ಚಾವಣಿಯ ದೀಪ ಆರುತ್ತದೆ. ಆ ತುದಿಯಲ್ಲಿ ಒಂದು ಹತ್ತುತ್ತದೆ, ಅದೂ ಆರುತ್ತದೆ. ಕತ್ತಲಲ್ಲಿ ಯಾರೂ ಅಲುಗಾಡುವುದಿಲ್ಲ.

ಆಗ ಮೇಜು ನಡುಗುತ್ತದೆ. ಬೆಳಗಿದ ಪರದೆಯ ಮೇಲೆ ‘ಅಮ್ಮ’ ಎಂದಿದೆ. ಕೆಳಗೆ ಒಂದು ಸಾಲು: ಇದೀನಿ ಕಣೇ. ಇವತ್ತು ಏಳೋದು ತಡ ಆಯ್ತು.

ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನದಿಂದ ಹೊಲಿಗೆಯಮ್ಮ ಶುರುಮಾಡಿದ ಅಭ್ಯಾಸವಿದು. ನಾಲ್ಕು ತಿಂಗಳು ನೀನು ಸರಿ ಇದೆ ಅಂತ ಕಳಿಸ್ದೆ, ಇನ್ನು ನಾನು ಕಳಿಸ್ತೀನಿ ಎಂದಿದ್ದರಂತೆ.

ಕೊಂಕಕ್ಕ ಕೈ ಎತ್ತುತ್ತಾರೆ, ದೀಪ ಹತ್ತುತ್ತದೆ. ಆಸೆ ಏನು ಎಂದರೆ ಹೆಚ್ಚೇನಿಲ್ಲ, ಐದು ಗಂಟೆಗೆ ಬರಬೇಕಾದದ್ದು ಐದಕ್ಕೇ ಬಂದರೆ ಸಾಕು ಎನ್ನುತ್ತಾರೆ. ಮತ್ತೆ ಫೋನಿನಲ್ಲಿ ಆ ಹೆಸರು?

“ಬದಲಾಯಿಸ್ಬೇಕು ಅಂತ ಎಷ್ಟೋ ಸಲ ಕೈ ಹೋಯ್ತು” ಎನ್ನುತ್ತಾರೆ, ಕಾಫಿ ಯಂತ್ರದ ಮೇಲಿನ ಚೀಟಿಯ ಕಡೆ ನೋಡದೆ. “ಆಮೇಲೆ ಅನ್ನಿಸ್ತು, ಓಡ್ತಾ ಇರೋದನ್ನ ಯಾಕೆ ಮುಟ್ಟೋದು.”