ಪಕ್ಕದ ಮನೆಯ ಕಾಮಕಸ್ತೂರಿ

ಈಗ ಎಲ್ಲ ಅಂಗಡಿಯಲ್ಲೂ ಚಿಯಾ ಬೀಜದ ಪೊಟ್ಟಣ ಸಿಗುತ್ತದೆ. ತೊಂಬತ್ತರ ದಶಕದಲ್ಲಿ ಬೇಲೂರಿನ ನಮ್ಮ ಬಾಡಿಗೆ ಮನೆಯಲ್ಲಿದ್ದದ್ದು ಕಾಮಕಸ್ತೂರಿ ಬೀಜ. ಗಿಡ ಬೇರೆಯಾದರೂ ನೀರಿಗೆ ಹಾಕಿದರೆ ಎರಡೂ ಒಂದೇ ಥರ ಉಬ್ಬಿ ಲೋಳೆ ಕಟ್ಟುತ್ತವೆ. ಜಾವಗಲ್ ಕಡೆಯ ರೈತರ ಮನೆಯಲ್ಲಿ ಬೆಳೆದ ಅಮ್ಮ ಹಿತ್ತಲಲ್ಲಿ ಆ ಗಿಡ ಹಾಕಿದ್ದಳು. ತೆನೆ ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಕಪ್ಪು ಬೀಜವನ್ನು ಡಬ್ಬಿಗೆ ತುಂಬಿಡುತ್ತಿದ್ದಳು. ಬೇಸಿಗೆಯಲ್ಲಿ ನನಗೆ ಬಾಯಿಹುಣ್ಣಾದರೆ ನೆನೆಸಿದ ಬೀಜ ಹಾಕಿದ ಮಜ್ಜಿಗೆ ಕೊಡುತ್ತಿದ್ದಳು.

ಅಪ್ಪ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. ಕಚೇರಿಯಲ್ಲಿ ದಿನವಿಡೀ ಕೂತು ಬರೆಯುವ ಗುಮಾಸ್ತ. ಮಲಬದ್ಧತೆಯಿಂದ ಬೆಳಿಗ್ಗೆಯೆಲ್ಲ ಸಿಡಿಮಿಡಿ. ನೀರು ಹೆಚ್ಚು ಕುಡಿಯಿರಿ, ನಾರಿರುವ ಪದಾರ್ಥ ತಿನ್ನಿ ಎಂದು ಡಾಕ್ಟರು ಹೇಳಿದ್ದರು.

"ಇದನ್ನ ಕುಡುದ್ರೆ ಹೊಟ್ಟೆ ಸಲೀಸಾಯ್ತದೆ ಕಣ್ರೀ," ಎಂದು ಅಮ್ಮ ಲೋಟ ಮುಂದಿಟ್ಟರೆ, "ಕಪ್ಪೆ ಮೊಟ್ಟೆ ಇದ್ದ ಹಾಗಿದೆ ಕಣೇ, ತಗೊಂಡ್ ಹೋಗು," ಎನ್ನುತ್ತಿದ್ದ.

ಒಂದು ವರ್ಷ ಅರಸೀಕೆರೆಯಿಂದ ವರ್ಗವಾಗಿ ಬಂದ ಹೈಸ್ಕೂಲ್ ಟೀಚರೊಬ್ಬರು ಪಕ್ಕದ ಮನೆ ಹಿಡಿದರು. ಗಂಜಿ ಹಾಕಿದ ಕಾಟನ್ ಸೀರೆ, ಕೈಗೆ ವಾಚು, ಮನೆಯಲ್ಲಿ ಫ್ರಿಜ್ಜು. ಗಂಡನ ಕೆಲಸ ಅರಸೀಕೆರೆಯಲ್ಲೇ ಇದ್ದುದರಿಂದ ಆತ ಭಾನುವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಓದಲು ತಂದಿದ್ದ ಪೇಪರ್ ಹಿಂದಿರುಗಿಸಲು ಅಪ್ಪ ಟೀಚರ್ ಮನೆಗೆ ಹೋದ. ಅಮ್ಮನೂ ನಾನೂ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆವು. ಗೋಡೆಯಾಚೆಯ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಏನಿದು ಮೇಡಂ, ಬಹಳ ಚೆನ್ನಾಗಿದೆ?"

"ಕಾಮಕಸ್ತೂರಿ ಸಾರ್. ತಂಪು, ಹೊಟ್ಟೆಗೂ ಒಳ್ಳೇದು."

"ಹೌದಾ? ನನಗೆ ಗೊತ್ತೇ ಇರಲಿಲ್ಲ ನೋಡಿ."

ಅಮ್ಮ ಕೈಯಲ್ಲಿದ್ದ ಒದ್ದೆ ಟವೆಲನ್ನು ಇನ್ನೊಮ್ಮೆ ಹಿಂಡಿದಳು. ಅದರಲ್ಲಿ ನೀರಿರಲಿಲ್ಲ. "ಗೊತ್ತಿರ್ಲಿಲ್ವಂತೆ," ಎಂದಳು ನನ್ನತ್ತ ತಿರುಗಿ.

ಅಂದಿನಿಂದ ಟೀಚರ್ ಗೋಡೆಯ ಮೇಲಿಂದ ಲೋಟ ಕೊಡುವುದು ರೂಢಿಯಾಯಿತು. ಅಪ್ಪನ ಹೊಟ್ಟೆ ಸರಿಹೋಯಿತು. ಸ್ನಾನ ಮಾಡುವಾಗ ಹಾಡತೊಡಗಿದ. ಆ ಹಾಡು ಕೇಳಿದರೆ ಅಮ್ಮ ಪಾತ್ರೆಗಳನ್ನು ಕುಕ್ಕುತ್ತಿದ್ದಳು. ತನ್ನ ವಾಯಿಲ್ ಸೀರೆಗೂ ಗಂಜಿ ಹಾಕಿದಳು, ಅಪ್ಪ ಗಮನಿಸಲಿಲ್ಲ. ಕೊನೆಗೆ ತಾನೇ ಬೀಜ ನೆನೆಸಿ, ಹಾಲು ಸಕ್ಕರೆ ಬೆರೆಸಿ ಕೊಟ್ಟಳು. ಒಂದು ಗುಟುಕು ಕುಡಿದು ಅಪ್ಪ ಹೇಳಿದ, "ಅವರದ್ದು ಇನ್ನೂ ತಣ್ಣಗಿರುತ್ತೆ."

ಅಷ್ಟಕ್ಕೇ ಡಬ್ಬಿ ಅಟ್ಟ ಸೇರಿತು. ಹಿತ್ತಲಿನ ಗಿಡಕ್ಕೆ ನೀರೂ ನಿಂತಿತು. ಅಮ್ಮನ ಪಕ್ಷ ವಹಿಸಿ ನಾನು ಟೀಚರನ್ನು ಕಂಡರೆ ಮುಖ ತಿರುಗಿಸುತ್ತಿದ್ದೆ.

ಮುಂದಿನ ವರ್ಷ ಅವರಿಗೆ ಮತ್ತೆ ಅರಸೀಕೆರೆಗೇ ವರ್ಗವಾಯಿತು. ಅಲ್ಲಿ ಅವರ ಗೃಹಪ್ರವೇಶಕ್ಕೆ ಅಪ್ಪನ ಒತ್ತಾಯದ ಮೇಲೆ ನಾವು ಮೂವರೂ ಹೋದೆವು. ಊಟವಾದ ಮೇಲೆ ಟೀಚರ್ ಅಮ್ಮನನ್ನು ಅಡುಗೆಮನೆಗೆ ಕರೆದು ಕಾಫಿ ಕೊಟ್ಟರು. ನಾನು ಅಮ್ಮನ ಪಕ್ಕದಲ್ಲೇ ಇದ್ದೆ.

"ನಮ್ಮನೆಯವರು ನಾನು ಮಾಡಿದ್ದನ್ನ ಒಂದಿನ ಬಾಯಿಗಿಡಲ್ಲ ಕಣ್ರೀ," ಎಂದರು. "ನೀವು ಹಿತ್ತಲಲ್ಲಿ ಬೀಜ ಉಜ್ತಾ ಇರೋರು, ನಿಮ್ಮವರು ಪಕ್ಕದಲ್ಲೇ ಪೇಪರ್ ಓದ್ತಾ ಇರೋರು. ನಾನು ಕಿಟಕೀಲಿ ನೋಡ್ತಿದ್ದೆ. ನಿಮ್ಮನ್ನ ಕಂಡು ಎಷ್ಟು ಹೊಟ್ಟೆ ಉರ್ಕೊಂಡಿದೀನೋ."

"ನನ್ನ ಕಂಡಾ?" ಎಂದಳು ಅಮ್ಮ. ಉಪಚಾರದ ಮಾತಲ್ಲ, ನಿಜವಾಗಿಯೂ ಕೇಳಿದಳು.

ಟೀಚರ್ ಹೌದೆಂದು ತಲೆಯಾಡಿಸಿ ಒಲೆಯ ಕಡೆ ತಿರುಗಿದರು.

ಹಳೇಬೀಡಿನ ಮೇಲೆ ಬರುವ ಬಸ್ಸಿನಲ್ಲಿ ಅಪ್ಪ ನಿದ್ದೆ ಹೋದ. ಅವನ ತಲೆ ಭುಜಕ್ಕೆ ವಾಲಿದಾಗ ಅಮ್ಮ ಸರಿಸಲಿಲ್ಲ. "ಪಾಪ, ಆಯಮ್ಮ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಆದ್ರೂ ಕಾಫಿ ನೀರ್ನೀರಾಗಿತ್ತು," ಎಂದೂ ಸೇರಿಸಿದಳು.

ಮಾರನೆಯ ಬೆಳಿಗ್ಗೆ ಅಟ್ಟದಿಂದ ಡಬ್ಬಿ ಇಳಿಯಿತು. ಅಪ್ಪ ಲೋಟ ನೋಡಿದ, ಅಮ್ಮನ ಮುಖ ನೋಡಿದ, ಲೋಟ ಎತ್ತಿ ಕುಡಿಯತೊಡಗಿದ. ಅವನು ಮುಗಿಸುವವರೆಗೂ ಅಮ್ಮ ಸೊಂಟದ ಮೇಲೆ ಕೈಯಿಟ್ಟು ಎದುರಿಗೇ ನಿಂತಿದ್ದಳು.