ದನಿಯ ದಾರಿಗೆ ಅಡ್ಡ ನಿಂತ ಕಾವಲು

ಎರಡು ಸಾವಿರದ ಇಸವಿ ಕಳೆದ ಹೊಸತು. ನಾನು ಮೂಡಬಿದ್ರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ರಜೆ ಸಿಕ್ಕಿದರೆ ಬಂಟ್ವಾಳದ ಬಸ್ಸು ಹತ್ತಿ, ಅಲ್ಲಿಂದ ಪಾಣೆಮಂಗಳೂರಿನ ಸೇತುವೆ ದಾಟಿ ಮೆಲ್ಕಾರಿಗೆ ಹೋಗುತ್ತಿದ್ದೆ. ಶಾಲೆಯಲ್ಲಿ ನನ್ನ ಜೊತೆ ಕಲಿತ ಸ್ನೇಹಿತ ಗಲ್ಫಿನಿಂದ ವಾಪಸು ಬಂದು ಅಲ್ಲಿ ಇಂಟರ್ನೆಟ್ ಅಂಗಡಿ ಇಟ್ಟಿದ್ದ. ಒಂದೇ ಫೋನ್ ಲೈನನ್ನು ಎಲ್ಲ ಕಂಪ್ಯೂಟರುಗಳಿಗೆ ಹಂಚಲು ಮೂಲೆಯ ಹಳೆಯ ಯಂತ್ರಕ್ಕೆ ಯುನಿಕ್ಸ್ ಜಾತಿಯ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟವನು ನಾನೇ.

ಮಧ್ಯಾಹ್ನದ ಮೇಲೆ ಅಂಗಡಿಗೆ ಒಂದು ಬಗೆಯ ಮಂಪರು ಕವಿಯುತ್ತಿತ್ತು. ಫ್ಯಾನು ತೂಕಡಿಸುತ್ತಾ ತಿರುಗುತ್ತಿತ್ತು. ನೀಲಿ ಬಟ್ಟೆಯ ಪರದೆಗಳ ಹಿಂದೆ ಕೂತ ಹೆಂಗಸರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದಮಾಮಿಗೋ ದುಬೈಗೋ ಮೆಲ್ಲನೆ ಮಾತಾಡುತ್ತಿದ್ದರು. ಸಮುದ್ರದಾಚೆಯ ಮನೆಯೊಂದು ಕ್ಷಣಹೊತ್ತು ಆ ಪರದೆಯೊಳಗೆ ಬಂದು ಕೂತಂತೆ ಅನಿಸುತ್ತಿತ್ತು.

ಆ ದಿನ ಪರದೆ ಸರಿಸಿ ಹೊರಬಂದ ಒಬ್ಬಳ ಮುಖ ಬಾಡಿತ್ತು. ಮದುವೆಯಾಗಿ ತಿಂಗಳೊಳಗೆ ಗಂಡ ಸೌದಿಗೆ ಹೋಗಿದ್ದ.

"ಸರ್, ಅವರು ನೀರಿನೊಳಗಿಂದ ಮಾತಾಡಿದ ಹಾಗೆ ಕೇಳ್ತದೆ. ಅರ್ಧ ಮಾತು ಬರುವುದೇ ಇಲ್ಲ."

"ಒಂದು ವಾರದಿಂದ ಎಲ್ಲರದ್ದೂ ಇದೇ ದೂರು ಮಾರಾಯ," ಅಂದ ಸ್ನೇಹಿತ.

ಮೋಡೆಮ್ ಸರಿಯಿತ್ತು, ಲೈನೂ ಸರಿಯಿತ್ತು. ನೆಟ್‌ವರ್ಕಿನಲ್ಲಿ ಮಾತು ಸಣ್ಣ ಸಣ್ಣ ತುಂಡುಗಳಾಗಿ ಸಾಗುತ್ತದೆ. ಆ ತುಂಡಿಗೇ ಪ್ಯಾಕೆಟ್ ಅನ್ನುವುದು. ಏನೇನು ಸಾಗುತ್ತಿದೆ ಎಂದು ತೆರೆಯ ಮೇಲೆ ತರಿಸಿ ನೋಡಿದೆ. ಹಸಿರು ಅಕ್ಷರಗಳು ಹೊಳೆಯಂತೆ ಹರಿದವು. ನೋಡುತ್ತಾ ಕೂತರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುವಂತಿತ್ತು. ಆದರೆ ಅದರಲ್ಲಿ ಮಾತಿಗಿಂತ ಹೆಚ್ಚಾಗಿ ಕಂಡದ್ದು ಒಂದೇ ಪ್ರಶ್ನೆ: ಈ ಅಂಕಿಗಳ ವಿಳಾಸದವರ ಹೆಸರೇನು? ಕೇಳುತ್ತಿದ್ದದ್ದು ಆ ಮೂಲೆಯ ಯಂತ್ರವೇ.

ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೆಗೆದು ನೋಡಿದರೆ, ನಾನು ಹಾಕದ ಕಾವಲು ಪ್ರೋಗ್ರಾಮೊಂದು ಅಲ್ಲಿತ್ತು. ಹೋಗುವ ಬರುವ ಪ್ರತಿಯೊಂದು ಪ್ಯಾಕೆಟ್ಟನ್ನೂ ಅದು ತಡಕಾಡಿ, ಅದರ ವಿಳಾಸಕ್ಕೆ ಹೆಸರು ಹುಡುಕುತ್ತಿತ್ತು. ಹುಡುಕಲು ಅದೇ ಲೈನಿನಲ್ಲಿ ಹೊರಗೆ ಕೇಳಬೇಕು. ಆ ಪ್ರಶ್ನೆಯೂ ಒಂದು ಪ್ಯಾಕೆಟ್. ಅದನ್ನೂ ಅದು ಮತ್ತೆ ನೋಡಬೇಕು. ಮಾತಿಗೆ ದಾರಿಯೇ ಉಳಿದಿರಲಿಲ್ಲ.

"ಇದನ್ನು ಯಾರು ಹಾಕಿದ್ದು?"

"ರಿಪೇರಿಗೆ ಬಂದವನ ಹತ್ತಿರ ನಾನೇ ಹಾಕಿಸಿದೆ," ಅಂದ ಸ್ನೇಹಿತ. "ಹುಡುಗರು ಏನಾದರೂ ಕೆಟ್ಟದ್ದು ನೋಡಿದರೆ ಗೊತ್ತಾಗಲಿ ಅಂತ."

ಅದನ್ನು ನಿಲ್ಲಿಸಿದೆ. ಅವಳು ಒಳಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡವಳು ಗಟ್ಟಿಯಾಗಿ ನಕ್ಕುಬಿಟ್ಟಳು. ಗಂಡನ ದನಿ ಸರಾಗವಾಗಿ ಬಂದಿರಬೇಕು.

"ಹೆಸರು ಹುಡುಕದ ಹಾಗೆ ಮಾಡಿದರೆ ಕಾವಲು ಹಗುರ ಆಗ್ತದೆ. ಹಾಗೆ ಇಡುವನಾ?" ಎಂದು ಕೇಳಿದೆ.

ಅಷ್ಟರಲ್ಲಿ ಪರದೆಯ ಅಂಚಿನಿಂದ ಅವಳ ಮುಖ ಕಂಡಿತು. "ಸರ್, ಅದರಲ್ಲಿ ನಮ್ಮ ಮಾತೂ ಕೇಳ್ತದಾ?"

"ಯಾರಿಗೆ ಮಾತಾಡ್ತೀರಿ ಅಂತ ಕಾಣ್ತದೆ. ಬೇಕಾದರೆ ಮಾತನ್ನೂ ಹಿಡಿದಿಡಬಹುದು," ಅಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ತೆಗೆದುಬಿಡು ಮಾರಾಯ, ಬೇಡ," ಅಂದ ಸ್ನೇಹಿತ. ಅಳಿಸಿ ಹಾಕಿದೆ. ಅವಳು ಪರದೆ ಎಳೆದುಕೊಂಡಳು. ಕರಾವಳಿ ಮುಸ್ಲಿಮರ ಬ್ಯಾರಿ ಮಾತಿನ ಗುನುಗು ಮತ್ತೆ ಶುರುವಾಯಿತು.

ನಾವಿಬ್ಬರೂ ಎದುರಿನ ಹೋಟೆಲಿಗೆ ಹೋಗಿ ಕೂತೆವು. ಚಾ ತಣ್ಣಗಾಗುವವರೆಗೂ ಅವನು ರಸ್ತೆಯನ್ನೇ ನೋಡುತ್ತಿದ್ದ. ಆಮೇಲೆ ಹೇಳಿದ: "ಗಲ್ಫಿನಲ್ಲಿ ಫೋನ್ ಬೂತಿನ ಹೊರಗೆ ಯಾವಾಗಲೂ ಸಾಲು ಇರ್ತಿತ್ತು. ಹಿಂದೆ ನಿಂತವನು ಕೇಳ್ತಾನೆ ಅಂತ ನಾಚಿಕೆ. ಹೆಂಡತಿ ಹತ್ತಿರ ವರ್ಷಗಟ್ಟಲೆ ನಾನು ಕೇಳಿದ್ದು ಒಂದೇ, ಊರಲ್ಲಿ ಮಳೆ ಉಂಟಾ ಅಂತ."