ಏಳದ ತೋಳು

ಮಂಜೇಶ್ವರದ ಸುತ್ತಮುತ್ತ ಮೂವತ್ತು ದಾಟದ ಯಾರ ತೋಳು ನೋಡಿದರೂ ಕಿಟ್ಟಣ್ಣನ ಗುರುತು ಕಾಣುತ್ತಿತ್ತು. ಮೂವತ್ತನಾಲ್ಕು ವರ್ಷ ಊರೂರು ನಡೆದು ಸಿಡುಬಿನ ದಾಕು ಹಾಕಿದವನು ಅವನು. ಗುಡ್ಡೆಯ ತಿರುವಿನಲ್ಲಿ ಅವನ ಚೀಲ ಕಂಡರೆ ಸಾಕು, ತಾಯಂದಿರು ಮಕ್ಕಳನ್ನು ಸೌದೆ ಕೊಟ್ಟಿಗೆಯಲ್ಲಿ ಅಡಗಿಸುತ್ತಿದ್ದರು. ಕಿಟ್ಟಣ್ಣ ಹುಡುಕಲು ಹೋಗುತ್ತಿರಲಿಲ್ಲ. ಅಂಗಳದಲ್ಲಿ ಕೂತು ಬೆಲ್ಲ ಕಚ್ಚಿ ನೀರು ಕುಡಿಯುತ್ತ ಕಾಯುತ್ತಿದ್ದ. ಮಕ್ಕಳು ಎಷ್ಟು ಹೊತ್ತು ಸುಮ್ಮನೆ ಕೂರುತ್ತವೆ? ಬೆಲ್ಲದ ಆಸೆಗೆ ತಾವೇ ಹೊರಗೆ ಬರುತ್ತಿದ್ದವು.

ನಾನೂ ಅವನೂ ಒಂದೇ ಶಾಲೆಯಲ್ಲಿ ಪೆಟ್ಟು ತಿಂದವರು. ಆದ್ದರಿಂದ ಅವನ ಹಠದ ಬಗ್ಗೆ ಹೇಳಲು ನನಗೆ ಅಧಿಕಾರ ಉಂಟು. ದಾಕು ಹಾಕಿದ ಎಂಟನೇ ದಿನ ಅವನು ಅದೇ ಮನೆಗೆ ಮತ್ತೆ ಹೋಗುತ್ತಿದ್ದ. ಹಾಕಿದಲ್ಲಿ ಗುಳ್ಳೆ ಎದ್ದಿದ್ದರೆ ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಏಳದಿದ್ದರೆ ಅಲ್ಲೇ ಕೂತು ಇನ್ನೊಮ್ಮೆ ಹಾಕಬೇಕು. ಒಂದೇ ಒಂದು ಸಲ ಈ ಎಂಟನೇ ದಿನ ತಪ್ಪಿತು. ಆ ದಿನ ಅಗಲ್ಪಾಡಿಯಲ್ಲಿ ನಂಟರ ಮದುವೆ. ನೆಕ್ರಾಜೆಯ ಚೆನ್ನಯ್ಯನ ಮಗುವಿನ ತೋಳು ನೋಡಲು ಅವನು ಹೋಗಲಿಲ್ಲ. ತೋಳು ಎದ್ದಿರಲಿಲ್ಲ. ನಾಲ್ಕು ತಿಂಗಳಲ್ಲಿ ಮಗು ಸಿಡುಬಿಗೆ ಹೋಯಿತು. ಚೆನ್ನಯ್ಯ ಒಂದು ಮಾತೂ ಬೈಯಲಿಲ್ಲವಂತೆ. ಬೈದಿದ್ದರೆ ಒಳ್ಳೆಯದಿತ್ತು ಎಂದು ಕಿಟ್ಟಣ್ಣ ನನ್ನ ಹತ್ತಿರ ಎರಡು ಸಲ ಹೇಳಿದ್ದಾನೆ.

ನಿವೃತ್ತನಾದ ಮೇಲೆ ಅವನನ್ನು ನಮ್ಮ ಧರ್ಮಾಸ್ಪತ್ರೆಗೆ ಕರೆಸಿಕೊಂಡವರು ಡಾಕ್ಟರ್ ಹರಿನಾಥ. ನಾನು ಅಲ್ಲಿ ಔಷಧಿ ಕಲಸುವ ಕೆಲಸದಲ್ಲಿದ್ದೆ. ಕಿಟ್ಟಣ್ಣನ ಮಗಳು ಮೋಹಿನಿ, ಗಂಡ ತೀರಿಹೋದ ಮೇಲೆ, ಅಲ್ಲೇ ಕೆಮ್ಮಿನವರ, ಅಂದರೆ ಕ್ಷಯದವರ, ವಾರ್ಡಿನಲ್ಲಿ ಆಯಾ ಆಗಿದ್ದಳು.

ಸಾವಿರದ ಒಂಬೈನೂರ ಐವತ್ತೊಂದನೇ ಇಸವಿ. ಕ್ಷಯಕ್ಕೆ ಬಿ.ಸಿ.ಜಿ. ಎಂಬ ದಾಕು ನಮ್ಮ ಕಡೆಗೂ ಬಂದಿತ್ತು. ಅದು ಕ್ಷಯದ ಜೊತೆಗೆ ಬೇರೆ ಜ್ವರ, ಕೆಮ್ಮು, ಭೇದಿಗಳನ್ನೂ ಸ್ವಲ್ಪ ತಡೆಯುತ್ತದೋ ಏನೋ ಎಂಬ ಹುಳ ಡಾಕ್ಟರ ತಲೆಗೆ ಹೊಕ್ಕಿತು. ರೋಗಿಗಳ ಕಫ, ವಾಂತಿ ಬಾಚುವ ನಮ್ಮವರು ವರ್ಷಕ್ಕೆ ನಾಲ್ಕು ಸಲ ಹಾಸಿಗೆ ಹಿಡಿಯುತ್ತಿದ್ದರು. ಅವರನ್ನು ಉಳಿಸುವ ಆಸೆ ಡಾಕ್ಟರದು, ಅದರಲ್ಲಿ ಕಪಟ ಇರಲಿಲ್ಲ. ಆಸ್ಪತ್ರೆಯ ಎಲ್ಲರಿಗೂ ಮೊದಲು ಒಂದು ಪರೀಕ್ಷೆಯ ಸೂಜಿ ಚುಚ್ಚಿಸಿ, ಮೈಯಲ್ಲಿ ಕ್ಷಯದ ಕ್ರಿಮಿ ಇನ್ನೂ ಸೇರದ ಹದಿನೆಂಟು ಜನರನ್ನು ಆರಿಸಿದರು. ಒಂಬತ್ತು ಮಂದಿಗೆ ದಾಕು, ಒಂಬತ್ತು ಮಂದಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ಡಾಕ್ಟರಿಗೆ ಮಾತ್ರ ಗೊತ್ತು. ಒಂದು ವರ್ಷ ಯಾರು ಎಷ್ಟು ದಿನ ಮಲಗಿದರು ಎಂದು ಬರೆದಿಟ್ಟು ಹೋಲಿಸಿ ನೋಡುವುದು. ಚುಚ್ಚುವುದಕ್ಕೂ ಬರೆಯುವುದಕ್ಕೂ ಕಿಟ್ಟಣ್ಣ.

ಡಾಕ್ಟರು ಇಷ್ಟೆಲ್ಲ ಯೋಚಿಸಿದವರು ಒಂದನ್ನು ಮರೆತಿದ್ದರು. ಬಿ.ಸಿ.ಜಿ. ಹಾಕಿದ ತೋಳು ತಿಂಗಳಲ್ಲಿ ಕೆಂಪಗೆ ಎದ್ದು ಒಡೆದು ಸೋರುತ್ತದೆ. ಉಪ್ಪುನೀರಿನ ತೋಳು ಹಾಗೇ ಇರುತ್ತದೆ. ಸೂಲಗಿತ್ತಿ ದಮಯಂತಿಯ ತೋಳು ಎದ್ದಿತು. ಬಟ್ಟೆ ಒಗೆಯುವ ಬೀವಿಯದ್ದು ಏಳಲಿಲ್ಲ. ಗುಡಿಸುವ ಚನಿಯನದ್ದು ಏಳಲಿಲ್ಲ. ಮೋಹಿನಿಯದ್ದೂ ಏಳಲಿಲ್ಲ.

"ನನ್ನದು ಎಂತ ಕಿಟ್ಟಣ್ಣ ಹೀಗೆ? ಇನ್ನೊಮ್ಮೆ ಹಾಕಿ ನೋಡಿ" ಎಂದು ಬೀವಿ ದಿನಾ ತೋಳು ತೋರಿಸುತ್ತಿದ್ದಳು. ಎಂಟನೇ ದಿನಕ್ಕೇ ತೋಳು ನೋಡಿ ಪುನಃ ಹಾಕುವವನಿಗೆ ಹೀಗೆ ಎಂಟು ವಾರ ಕಳೆಯಿತು. ಅವನಿಗೆ ಊಟ ಸೇರಲಿಲ್ಲ. ಕೊನೆಗೆ ಡಾಕ್ಟರ ಕೋಣೆಗೆ ಹೋದ. ನಾನೂ ಅಲ್ಲಿದ್ದೆ.

"ಡಾಕ್ಟ್ರೇ, ಏಳದ ತೋಳು ಒಂಬತ್ತು ಉಂಟು. ಪುನಃ ಹಾಕ್ಬೇಕು."

"ಕಿಟ್ಟಣ್ಣ, ಅದು ನೀರು ಅಂತ ನಿಮಗೂ ಗೊತ್ತಲ್ಲ. ಒಂದು ವರ್ಷ ಹೋಗಲಿ. ಗುಣ ಉಂಟು ಅಂತ ಕಂಡರೆ ಎಲ್ಲರಿಗೂ ಹಾಕುವ. ಆಗ ಈ ಒಂದು ಆಸ್ಪತ್ರೆಗೆ ಮಾತ್ರ ಅಲ್ಲ, ಎಷ್ಟೋ ಆಸ್ಪತ್ರೆಗಳಿಗೆ ಉಪಕಾರ ಆಗ್ತದೆ."

"ಕ್ಷಯಕ್ಕೆ ಗುಣ ಉಂಟು ಅಂತ ಈಗಲೇ ಗೊತ್ತುಂಟಲ್ಲ ಡಾಕ್ಟ್ರೇ? ಅಷ್ಟರವರೆಗೆ ಇವರು ಅದೇ ವಾರ್ಡಿನಲ್ಲಿ ಬರೀ ತೋಳಿನಲ್ಲಿ ಇರುವುದಾ?"

ಡಾಕ್ಟರು ದಾಕಿನ ಪೆಟ್ಟಿಗೆಗೆ ಬೀಗ ಹಾಕಿ ವಾರ್ಡಿಗೆ ಹೊರಟರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಆದರೆ ಇಬ್ಬರಲ್ಲಿ ಎತ್ತು ಯಾರು, ಕೋಣ ಯಾರು ಎಂದು ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಕಿಟ್ಟಣ್ಣ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಣೆ ಹಾಕಿ ಕೂತ. ಡಾಕ್ಟರ ದಾಕು ಬೀಗದೊಳಗೆ ಇತ್ತು. ಇವನಿಗೆ ಅದು ಬೇಕಾಗಿರಲಿಲ್ಲ. ದಾಕಿನ ಸೀಸೆಗಳು ಬರುವುದಕ್ಕೆ ಮುಂಚಿನ ಕಾಲದಲ್ಲಿ ಎದ್ದ ತೋಳಿನ ರಸ ತೆಗೆದು ಮುಂದಿನವನ ತೋಳಿಗೆ ಗೀರುವ ಕ್ರಮವಿತ್ತು. ಸರ್ಕಾರ ಅದನ್ನು ಯಾವಾಗಲೋ ನಿಲ್ಲಿಸಿತ್ತು, ಆದರೆ ಕಿಟ್ಟಣ್ಣನ ಗುರುಗಳು ಕಲಿತದ್ದು ಅದೇ, ಅವನಿಗೆ ಕಲಿಸಿದ್ದೂ ಅದನ್ನೇ. ಅವನು ದಮಯಂತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ. ಅವಳ ಹುಣ್ಣಿನ ರಸವನ್ನು ಚಾಕುವಿನ ತುದಿಗೆ ತೆಗೆದು ಬೀವಿಗೆ ಗೀರಿದ, ಚನಿಯನಿಗೆ ಗೀರಿದ, ಸಾಲಾಗಿ ನಿಂತವರಿಗೆಲ್ಲ ಗೀರಿದ. ಕೊನೆಯಲ್ಲಿ ನಿಂತವಳು ಮೋಹಿನಿ. ಅವಳು ರವಕೆಯ ತೋಳು ಮೇಲೆ ಸರಿಸಿದಳು.

"ನಿನಗೆ ಇವತ್ತು ಬೇಡ. ಒಳಗೆ ಹೋಗು" ಎಂದು ಕಿಟ್ಟಣ್ಣ ಚಾಕು ಒರೆಸಿ ಡಬ್ಬಿ ಮುಚ್ಚಿದ. ರಸ ಮುಗಿದಿರಬೇಕು ಎಂದು ನಾನು ಅಂದುಕೊಂಡೆ.

ಕದ್ದು ಮಾಡಿದ ಕೆಲಸವನ್ನು ಮುಚ್ಚಿಡುವ ಜಾಣತನವೂ ಅವನಿಗಿರಲಿಲ್ಲ. ಡಾಕ್ಟರು ಕೊಟ್ಟ ಪುಸ್ತಕದಲ್ಲಿ ತನ್ನ ದುಂಡಗಿನ ಅಕ್ಷರದಲ್ಲಿ ಬರೆದ: 'ಏಳದ ತೋಳುಗಳಿಗೆ ಈ ದಿನ ಪುನಃ ಹಾಕಲಾಯಿತು.' ಕೆಳಗೆ ಹೆಸರುಗಳು. ಹಾಕಿದ್ದನ್ನು ಬರೆಯದಿರುವುದು ಅವನ ಮಟ್ಟಿಗೆ ಹಾಕಿದ್ದಕ್ಕಿಂತ ದೊಡ್ಡ ಅಪರಾಧ.

ಇಪ್ಪತ್ತು ದಿನ ಕಳೆದು ಡಾಕ್ಟರು ಪುಸ್ತಕ ತೆರೆದರು. ಅವರು ಕೂಗಾಡುವ ಜನ ಅಲ್ಲ. ಆವತ್ತು ಕೂಗಾಡಿದರು.

"ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಕಿಟ್ಟಣ್ಣ? ಇನ್ನು ಯಾರಿಗೆ ದಾಕು, ಯಾರಿಗೆ ನೀರು? ಎಲ್ಲ ನೀರಿಗೆ ಹಾಕಿದ ಹಾಗೆ ಆಯಿತು. ಮತ್ತೆ ಈ ಗೀರಿದ್ದರಿಂದ ಯಾರಿಗಾದರೂ ಗುಣ ಆಗ್ತದೆ ಅಂತ ನಿಮಗೆ ಹೇಳಿದವರು ಯಾರು?"

ಡಾಕ್ಟರು ಬೆರಳಿಟ್ಟು ಹೆಸರು ಎಣಿಸಿದರು. ಎರಡನೇ ಸಲ ಎಣಿಸಿದರು.

"ಎಂಟೇ ಉಂಟು. ಮೋಹಿನಿ ಎಲ್ಲಿ?"

"ಅವಳಿಗೆ ಹಾಕಲಿಲ್ಲ."

"ಯಾಕೆ?"

"ಮಗಳಲ್ವಾ ಡಾಕ್ಟ್ರೇ. ಅವಳಿಗೂ ಹಾಕಿದ್ರೆ, ಮಗಳಿಗೋಸ್ಕರ ಇಷ್ಟೆಲ್ಲ ಮಾಡಿದ ಅಂತ ನಾಳೆ ಜನ ಹೇಳ್ತಾರೆ."

ಡಾಕ್ಟರು ಪುಸ್ತಕ ಮುಚ್ಚಿದರು. ಅವರ ಸಿಟ್ಟು ಎಲ್ಲಿಗೆ ಹೋಯಿತೋ, ಕುರ್ಚಿಯಲ್ಲಿ ಕೂತರು. ಪರೀಕ್ಷೆ ಹೇಗೂ ಕೆಟ್ಟಿತು, ಇನ್ನು ಒಂಬತ್ತು ಮಂದಿಗೂ ನಿಜವಾದ ದಾಕು ಹಾಕಿಬಿಡುವ ಎಂದರು. ಅದಕ್ಕೆ ಮೊದಲು ಆ ಪರೀಕ್ಷೆಯ ಸೂಜಿಯನ್ನು ಮತ್ತೆ ಚುಚ್ಚಬೇಕಿತ್ತು. ಕ್ರಿಮಿ ಮೈಗೆ ಸೇರಿದ್ದರೆ, ಇಲ್ಲವೇ ದಾಕು ಹಿಡಿದಿದ್ದರೆ, ಚುಚ್ಚಿದಲ್ಲಿ ಮೂರನೇ ದಿನಕ್ಕೆ ಗಟ್ಟಿಯಾಗಿ ಏಳುತ್ತದೆ. ಕ್ರಿಮಿ ಸೇರಿದ ಮೇಲೆ ದಾಕು ಹಾಕಿ ಪ್ರಯೋಜನವಿಲ್ಲ.

ಮೂರನೇ ದಿನ ಎಂಟು ತೋಳುಗಳೂ ನುಣ್ಣಗಿದ್ದವು. ಕಿಟ್ಟಣ್ಣ ಗೀರಿದ್ದು ಒಳಗೆ ಹಿಡಿದೇ ಇರಲಿಲ್ಲ ಎಂದೂ ಅದರಿಂದ ಗೊತ್ತಾಯಿತು. ಮೋಹಿನಿಯ ತೋಳಿನಲ್ಲಿ ಮಾತ್ರ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಕೆಂಪಗೆ ಎದ್ದಿತ್ತು.

ಮೂರು ತಿಂಗಳ ಹಿಂದೆ, ಮೊದಲ ಪರೀಕ್ಷೆಯಲ್ಲಿ, ಅದೇ ತೋಳು ಏನೂ ಆಗದೆ ಇತ್ತು. ಅವಳಿಗೆ ಕೊಟ್ಟದ್ದು ನೀರು. ಡಾಕ್ಟರು ಕಿಟಕಿಯ ಕಡೆಗೆ ತಿರುಗಿ, "ವಾರ್ಡಿನಿಂದಲೇ ಬಂದದ್ದು. ನನ್ನ ತಪ್ಪು ಕಿಟ್ಟಣ್ಣ" ಎಂದರು. ಕ್ರಿಮಿ ಸೇರಿದವರಿಗೆಲ್ಲ ರೋಗ ಬರುವುದಿಲ್ಲ, ಹತ್ತರಲ್ಲಿ ಒಬ್ಬರಿಗೆ ಬಂದರೆ ಬಂತು ಎಂದೂ ಹೇಳಿದರು. ಕಿಟ್ಟಣ್ಣನಿಗೆ ಅದು ಕೇಳಿಸಿತೋ ಇಲ್ಲವೋ. ಅವನು ಮಗಳ ತೋಳಿನ ಮೇಲೆ ಅಳತೆಪಟ್ಟಿ ಇಟ್ಟುಕೊಂಡು ನಿಂತಿದ್ದ.

ಮೋಹಿನಿ ಚಿಕ್ಕಂದಿನಿಂದ ಅಪ್ಪನ ಜೊತೆ ನೂರಾರು ತೋಳು ನೋಡಿದವಳು. ಅವಳ ಮುಖ ಅರಳಿತು.

"ಅಪ್ಪ, ನನ್ನದು ಎದ್ದಿತಲ್ಲ! ಇವರದ್ದೆಲ್ಲ ಏಳಲೇ ಇಲ್ಲ."

"ಇದು ಏಳಬಾರದಿತ್ತು ಮಗಾ" ಎಂದ ಕಿಟ್ಟಣ್ಣ. ಅಲ್ಲಿಯೇ, ಎಲ್ಲರ ಎದುರಿನಲ್ಲಿ, ಅದು ಏನೆಂದು ಅವಳಿಗೆ ಬಿಡಿಸಿ ಹೇಳಿದ. ಆ ಭಾನುವಾರ ಅವಳನ್ನು ಒಳಗೆ ಕಳಿಸಿದ್ದು ಯಾಕೆಂದೂ ಹೇಳಿದ. ಅವನ ಗೀರಿನಿಂದ ಅವಳಿಗೆ ಏನೂ ಉಪಯೋಗ ಆಗುತ್ತಿರಲಿಲ್ಲ ಎಂದು ನಾನು ಮಧ್ಯೆ ಬಾಯಿ ಹಾಕಲು ನೋಡಿದೆ. ಆದರೆ ಮೋಹಿನಿ ಕೇಳಿದ್ದು ಅದನ್ನಲ್ಲ.

"ಅವರಿಗೆಲ್ಲ ಹಾಕುವಾಗ ಅದರಿಂದ ಗುಣ ಉಂಟು ಅಂತಲೇ ನಿಮ್ಮ ಮನಸ್ಸಿನಲ್ಲಿ ಇದ್ದದ್ದಲ್ವಾ ಅಪ್ಪ?"

"ಹೌದು."

ಕಿಟ್ಟಣ್ಣ ಅಳತೆಯನ್ನು ಪುಸ್ತಕದಲ್ಲಿ ಅವಳ ಹೆಸರಿನ ಎದುರು ಬರೆದ. ಅವಳು ರವಕೆಯ ತೋಳು ಕೆಳಗೆ ಎಳೆದುಕೊಂಡು, ರೋಗಿಗಳಿಗೆ ಗಂಜಿ ಕೊಡುವ ಹೊತ್ತಾಯಿತು ಎಂದು ವಾರ್ಡಿಗೆ ಹೋದಳು.